ಸೊಪ್ಪಿನ ನೀರು ಚೆಲ್ಲಬೇಡಿ: ಮನೆಯಲ್ಲೇ ಸೋಲ್ ಫುಡ್

ನಾನು ಮಾಡಿದ ಮೊದಲ ಕಾಲರ್ಡ್ ಸೊಪ್ಪು ಕೆಟ್ಟಿದ್ದು ಒಗ್ಗರಣೆಯಿಂದ.

ಅಮೆರಿಕದ ಅಟ್ಲಾಂಟಾಕ್ಕೆ ಬಂದ ಹೊಸತು. ಪಕ್ಕದ ಮನೆಯ ಅಜ್ಜಿ ತಮ್ಮ ಹಿತ್ತಲಿನಿಂದ ಎರಡೂ ಕೈ ತುಂಬ ಸೊಪ್ಪು ತಂದು ಕೊಟ್ಟರು. ಒಂದೊಂದು ಎಲೆಯೂ ಊಟದ ತಟ್ಟೆಯಷ್ಟು ಅಗಲ. ನಾನು ಹಾಸನದ ಕಡೆಯವಳು, ಸೊಪ್ಪು ನನಗೇನು ಹೊಸದೇ? ಸಾಸಿವೆ, ಇಂಗು, ಕಡಲೆಬೇಳೆ ಒಗ್ಗರಣೆ ಹಾಕಿ, ಹತ್ತು ನಿಮಿಷ ಬಾಡಿಸಿ, ಮೇಲೆ ಕಾಯಿತುರಿ ಉದುರಿಸಿ, ಒಂದು ಡಬ್ಬಿ ಅವರಿಗೂ ಕೊಟ್ಟೆ. ಮರುದಿನ ಡಬ್ಬಿ ವಾಪಸ್ ಬಂತು. ತೊಳೆದು, ಒಳಗೆ ನಾಲ್ಕು ಬಿಸ್ಕತ್ತು ಇಟ್ಟಿದ್ದರು. "ರುಚಿ ಚೆನ್ನಾಗಿತ್ತು ಬೇಬಿ," ಅಂದರು. "ಆದರೆ ಎಲೆ ಇನ್ನೂ ನನ್ನ ಹಲ್ಲಿನ ಜೊತೆ ಜಗಳ ಆಡುತ್ತಿತ್ತು. ಶನಿವಾರ ಬಾ."

ಹಾಗೆ ಶುರುವಾದ ಶನಿವಾರಗಳು ನಾಲ್ಕು ವರ್ಷ ನಡೆದವು. ಅವರು ನನ್ನನ್ನು ಬೇಬಿ ಅನ್ನುತ್ತಿದ್ದರು, ನಾನು ಅವರನ್ನು ಮ್ಯಾಮ್ ಅನ್ನುತ್ತಿದ್ದೆ. ಅಮೆರಿಕದ ದಕ್ಷಿಣದಲ್ಲಿ ಹಿರಿಯರನ್ನು ಹೆಸರು ಹಿಡಿದು ಕರೆಯುವುದಿಲ್ಲ, ನಮ್ಮ ಹಾಗೆಯೇ. ಇಲ್ಲಿ ಬರೆಯುತ್ತಿರುವುದು ಅವರ ಒಲೆಯ ಮುಂದೆ ನಿಂತು ಕಲಿತದ್ದು. ಅಳತೆಗಳು ಮಾತ್ರ ನನ್ನವು. ಅವರ ಮನೆಯಲ್ಲಿ ಅಳತೆಯ ಕಪ್ಪೇ ಇರಲಿಲ್ಲ.

ಸೋಲ್ ಫುಡ್ ಅಂದರೆ ಅಮೆರಿಕದ ದಕ್ಷಿಣದ ಕರಿಯ ಜನರ ಮನೆಯಡುಗೆ. ಆ ಹೆಸರು ಕೇಳಿದ ಕೂಡಲೇ ಎಲ್ಲರೂ ಕರಿದ ಕೋಳಿ ಅಂತಾರೆ. ಅದು ಹಬ್ಬದ ಊಟ, ಭಾನುವಾರದ ಊಟ. ದಿನದ ಊಟ ಸೊಪ್ಪು, ಕಾಳು, ಮೆಕ್ಕೆಜೋಳ, ಗೆಣಸು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡ್ರಿಕ್ ಡಗ್ಲಸ್ 1845ರಲ್ಲಿ ಬರೆದ ಆತ್ಮಕಥೆಯಲ್ಲಿ ರೇಷನ್ ಲೆಕ್ಕ ಕೊಟ್ಟಿದ್ದಾರೆ. ದುಡಿಯುವ ದೊಡ್ಡವರಿಗೆ ತಿಂಗಳಿಗೆ ಎಂಟು ಪೌಂಡ್ ಹಂದಿಮಾಂಸ, ಇಲ್ಲವೇ ಅಷ್ಟಕ್ಕೆ ಸಮನಾದ ಮೀನು, ಜೊತೆಗೆ ಒಂದು ಬುಶೆಲ್, ಅಂದರೆ ಸುಮಾರು 35 ಲೀಟರ್ ಅಳತೆಯ, ಮೆಕ್ಕೆಜೋಳದ ಹಿಟ್ಟು. ಅಷ್ಟೇ. ಎಂಟು ಪೌಂಡ್ ಅಂದರೆ ಮೂರೂವರೆ ಕಿಲೋಗೆ ಚೂರು ಜಾಸ್ತಿ. ಉಳಿದದ್ದನ್ನು ರಾತ್ರಿ ಹೊತ್ತು ತಮ್ಮ ತುಂಡು ನೆಲದಲ್ಲಿ ಬೆಳೆದುಕೊಳ್ಳಬೇಕು, ಹಿಡಿಯಬೇಕು, ಹೆಕ್ಕಬೇಕು. ಒಂದು ತುಂಡು ಮಾಂಸದ ರುಚಿಯನ್ನು ಒಂದು ಹಂಡೆ ಸೊಪ್ಪಿಗೆ ಹಂಚುವ ಜಾಣತನ ಹೀಗೇ ಬಂದದ್ದು.

ಹೆಸರು ತೀರಾ ಈಚಿನದು. 1910ರಿಂದ 1970ರ ನಡುವೆ ಸುಮಾರು 60 ಲಕ್ಷ ಕರಿಯ ಜನ ದಕ್ಷಿಣ ಬಿಟ್ಟು ಶಿಕಾಗೊ, ಡೆಟ್ರಾಯಿಟ್, ನ್ಯೂಯಾರ್ಕ್ ಕಡೆ ಹೋದರು. ಊರಿನ ಅಡುಗೆಯೂ ಜೊತೆಗೆ ಹೋಯಿತು. 1960ರ ದಶಕದಲ್ಲಿ ಅದಕ್ಕೆ ಸೋಲ್ ಫುಡ್ ಅನ್ನುವ ಹೆಸರು ಎಲ್ಲರ ಬಾಯಿಗೆ ಬಂತು. ನಮ್ಮ ಅಜ್ಜಿ ಆ ಹೆಸರನ್ನು ಬಳಸಿದ್ದು ನಾನು ಕೇಳಿಲ್ಲ. ಅವರಿಗೆ ಅದು ಸುಮ್ನೆ ಊಟ.

ಸೊಪ್ಪು, ಅದರ ನೀರು

ನಾಲ್ಕೈದು ಜನಕ್ಕೆ ಒಂದು ಕಿಲೋ ಕಾಲರ್ಡ್ ಬೇಕು. ರಾಶಿ ನೋಡಿ ಹೆದರಬೇಡಿ, ಬೆಂದ ಮೇಲೆ ಒಂದು ಬಟ್ಟಲು. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇದ್ದರೆ ನವಿಲುಕೋಸಿನ ಎಲೆ ತನ್ನಿ. ಕಾಲರ್ಡ್ ಕೂಡ ಕೋಸಿನ ಜಾತಿಯೇ, ಹತ್ತಿರದ ನೆಂಟ. ತರಕಾರಿ ಅಂಗಡಿಯವರು ಅದನ್ನು ಮುರಿದು ಮೂಲೆಗೆ ಎಸೆದಿರುತ್ತಾರೆ, ಕೇಳಿದರೆ ಪುಕ್ಕಟೆ ಕೊಡುತ್ತಾರೆ. ಹೂಕೋಸಿನ ಎಲೆಯೂ ಆದೀತು. ಪಾಲಕ್, ದಂಟಿನ ಸೊಪ್ಪು ಬೇಡ. ಗಂಟೆಗಟ್ಟಲೆ ಬೇಯಿಸಿದರೆ ಅವು ಕರಗಿಯೇ ಹೋಗುತ್ತವೆ.

ಮೊದಲ ಕೆಲಸ ತೊಳೆಯುವುದು, ಇದರಲ್ಲಿ ಅಜ್ಜಿ ಬಲು ಕಟ್ಟುನಿಟ್ಟು. ಸಿಂಕ್ ತುಂಬ ನೀರು, ಅದಕ್ಕೆ ಒಂದು ಹಿಡಿ ಉಪ್ಪು, ಎಲೆಗಳನ್ನು ಮುಳುಗಿಸಿ ಅದುಮಿ ಅದುಮಿ ಜಾಲಿಸಬೇಕು. ಆಮೇಲೆ ನೀರು ಬಿಟ್ಟು ಎಲೆ ತೆಗೆಯುವುದಲ್ಲ, ಎಲೆಯನ್ನು ಮೇಲಕ್ಕೆ ಎತ್ತಿ ತೆಗೆದು ನಂತರ ನೀರು ಬಿಡಬೇಕು. ಇಲ್ಲದಿದ್ದರೆ ತಳದಲ್ಲಿ ಕೂತ ಮಣ್ಣು ತಿರುಗಿ ಎಲೆಯ ಮೇಲೆ ಕೂರುತ್ತದೆ. ಹೀಗೆ ಮೂರು ಸಲ. ಮೂರನೇ ನೀರು ಹೋದ ಮೇಲೆ ಅವರು ಸಿಂಕಿನ ತಳದಲ್ಲಿ ಬೆರಳು ಎಳೆದು ನೋಡುತ್ತಿದ್ದರು. ಒಂದು ಮರಳಿನ ಕಣ ಸಿಕ್ಕಿದರೂ ನಾಲ್ಕನೇ ಸಲ.

ನಂತರ ನಡುವಿನ ದಪ್ಪ ದಂಟು. ಎಡಗೈಯಲ್ಲಿ ದಂಟಿನ ಬುಡ ಹಿಡಿದು, ಬಲಗೈಯ ಎರಡು ಬೆರಳಿನಲ್ಲಿ ಎಲೆಯನ್ನು ಕೆಳಗಿನಿಂದ ಮೇಲಕ್ಕೆ ಸರ್ರನೆ ಎಳೆದರೆ ದಂಟು ಕೈಯಲ್ಲಿ ಉಳಿಯುತ್ತದೆ. ಎಂಟು ಹತ್ತು ಎಲೆ ಒಂದರ ಮೇಲೊಂದು ಇಟ್ಟು, ಚಾಪೆ ಸುತ್ತಿದ ಹಾಗೆ ಬಿಗಿಯಾಗಿ ಸುತ್ತಿ, ಬೆರಳಗಲ ಹೆಚ್ಚಿ. ತೀರಾ ಸಣ್ಣ ಮಾಡಬೇಡಿ.

ಇಷ್ಟು ಮಾಡುವ ಮೊದಲೇ ಒಲೆಯ ಮೇಲೆ ಮಾಂಸ ಕುದಿಯುತ್ತಿರಬೇಕು. ಹಿಂದೆ ಹಾಕುತ್ತಿದ್ದದ್ದು ಹೊಗೆ ಹಾಕಿದ ಹಂದಿಯ ಕಾಲಿನ ಗೆಣ್ಣು. ಡಾಕ್ಟರು ಬೀಪಿಗೆ ಹಂದಿ ಬಿಡಿ ಅಂದ ಮೇಲೆ ಅಜ್ಜಿ ಹೊಗೆ ಹಾಕಿದ ಟರ್ಕಿ ಕೋಳಿಯ ಕಾಲಿಗೆ ಬದಲಾದರು. ಈಗ ಬಹಳ ಮನೆಗಳಲ್ಲಿ ಟರ್ಕಿಯೇ. ಸುಮಾರು ಅರ್ಧ ಕಿಲೋ ತೂಕದ ಒಂದು ಕಾಲು, ಒಂದು ದೊಡ್ಡ ಈರುಳ್ಳಿ, ಜಜ್ಜಿದ ಐದು ಎಸಳು ಬೆಳ್ಳುಳ್ಳಿ, ಮುರಿದ ಎರಡು ಒಣಮೆಣಸಿನಕಾಯಿ, ಎಂಟು ಕಪ್ಪು ನೀರು. ಮುಚ್ಚಿ ಸಣ್ಣ ಉರಿಯಲ್ಲಿ ಒಂದೂವರೆ ಗಂಟೆ. ಮಾಂಸ ಮೂಳೆ ಬಿಡಬೇಕು, ನೀರು ಚಹಾದ ಬಣ್ಣಕ್ಕೆ ಬರಬೇಕು. ಆಗ ಮೂಳೆ ತೆಗೆದು, ಮಾಂಸ ಬಿಡಿಸಿ ವಾಪಸ್ ಹಾಕಿ, ಸೊಪ್ಪನ್ನು ಹಿಡಿ ಹಿಡಿಯಾಗಿ ಸೇರಿಸಿ. ಒಂದು ಹಿಡಿ ಬಾಡಿದ ಮೇಲೆ ಇನ್ನೊಂದು. ಒಂದು ಚಮಚ ಸಕ್ಕರೆ. ಮತ್ತೆ ಮುಚ್ಚಿ, ಸಣ್ಣ ಉರಿಯಲ್ಲಿ ಮುಕ್ಕಾಲರಿಂದ ಒಂದು ಗಂಟೆ.

ಉಪ್ಪು? ಕೊನೆಯಲ್ಲಿ. ಇದನ್ನು ಕಲಿಯಲು ನಾನು ಒಂದು ಪಾತ್ರೆ ಸೊಪ್ಪು ಬಲಿ ಕೊಟ್ಟೆ. ಹೊಗೆ ಹಾಕಿದ ಮಾಂಸದಲ್ಲೇ ಬೇಕಾದಷ್ಟು ಉಪ್ಪಿರುತ್ತದೆ, ಅದು ನಿಧಾನಕ್ಕೆ ನೀರಿಗೆ ಬಿಡುತ್ತದೆ. ನಾನು ಮೊದಲೇ ಎರಡು ಚಮಚ ಸುರಿದಿದ್ದೆ. ಆಲೂಗಡ್ಡೆ ಹಾಕಿದೆ, ನೀರು ಹಾಕಿದೆ, ಏನೂ ಆಗಲಿಲ್ಲ. ಒಲೆ ಆರಿಸುವ ಹತ್ತು ನಿಮಿಷ ಮೊದಲು ರುಚಿ ನೋಡಿ, ಬೇಕಿದ್ದರೆ ಮಾತ್ರ ಹಾಕಿ. ಜೊತೆಗೆ ಎರಡು ದೊಡ್ಡ ಚಮಚ ವಿನೆಗರ್. ಸೇಬಿನ ವಿನೆಗರ್ ಇದ್ದರೆ ಒಳ್ಳೆಯದು.

ಮಾಂಸ ತಿನ್ನದವರಿಗೆ ನನ್ನದೇ ದಾರಿ ಇದೆ. ನಮ್ಮ ಮನೆಯವರು ಸಸ್ಯಾಹಾರಿ. ಎರಡು ಈರುಳ್ಳಿಯನ್ನು ಎಣ್ಣೆಯಲ್ಲಿ ಕಂದು ಬಣ್ಣ ಬರುವ ತನಕ ಹುರಿದು, ಒಂದು ಹಿಡಿ ಒಣ ಅಣಬೆ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಆರು ಕಪ್ಪು ನೀರಿನಲ್ಲಿ ಅರ್ಧ ಗಂಟೆ ಕುದಿಸಿ, ಆಮೇಲೆ ಸೊಪ್ಪು. ಇಲ್ಲಿ ಮಾಂಸದ ಉಪ್ಪು ಇಲ್ಲವಲ್ಲ, ಒಂದು ಚಮಚ ಮೊದಲೇ ಹಾಕಿದರೂ ನಡೆಯುತ್ತದೆ. ಬೆಂದ ಮೇಲೆ ಒಂದು ಸಣ್ಣ ಬಟ್ಟಲಲ್ಲಿ ಕೆಂಡ ಇಟ್ಟು, ಅದನ್ನು ಸೊಪ್ಪಿನ ನಡುವೆ ಕೂರಿಸಿ, ಕೆಂಡದ ಮೇಲೆ ಎರಡು ಹನಿ ಎಣ್ಣೆ ಬಿಟ್ಟು ಐದು ನಿಮಿಷ ಮುಚ್ಚಳ ಮುಚ್ಚಿ. ಹೊಗೆಯ ವಾಸನೆ ಸೊಪ್ಪಿಗೆ ಹತ್ತುತ್ತದೆ. ಅಜ್ಜಿಗೆ ಹೇಳದೆ ಬಡಿಸಿದ್ದೆ. "ಇದರಲ್ಲಿ ಏನು ಮಾಂಸ?" ಎಂದು ಕೇಳಿದರು. ಆ ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ.

ಕುಕ್ಕರ್ ಬಳಸಬಹುದಾ ಅಂತ ಕೇಳುವವರಿಗೆ: ಮಾಂಸಕ್ಕೆ ಬಳಸಿ, ಸೊಪ್ಪಿಗೆ ಬೇಡ. ಕುಕ್ಕರಿನಲ್ಲಿ ಸೊಪ್ಪು ಬೇಯುತ್ತದೆ, ಹದ ಬರುವುದಿಲ್ಲ. ನಡುನಡುವೆ ಮುಚ್ಚಳ ತೆಗೆದು ಒಂದು ಎಲೆ ಬಾಯಿಗೆ ಹಾಕಿಕೊಂಡು ನೋಡಲು ಆಗಬೇಕು.

ಈಗ ಪಾತ್ರೆಯ ತಳದಲ್ಲಿ ಉಳಿದ ಹಸಿರು ಮಿಶ್ರಿತ ಕಂದು ನೀರು. ಅದಕ್ಕೆ ಪಾಟ್‌ಲಿಕರ್ ಅನ್ನುತ್ತಾರೆ, ಅಂದರೆ ಪಾತ್ರೆಯ ರಸ. ಇಡೀ ಅಡುಗೆಯ ಸಾರ ಇರುವುದೇ ಅಲ್ಲಿ. ಗುಲಾಮರ ಕಾಲದಲ್ಲಿ ಯಜಮಾನನ ಮನೆಗೆ ಸೊಪ್ಪು ಹೋಗುತ್ತಿತ್ತು, ನೀರು ಅಡುಗೆಮನೆಯಲ್ಲೇ ಉಳಿಯುತ್ತಿತ್ತು. ಸತ್ವ ಯಾರ ಪಾಲಿಗೆ ಬಂತು ಅಂತ ಹೇಳಿ ಅಜ್ಜಿ ನಗುತ್ತಿದ್ದರು. ಬಸ್ಸಾರು ತಿಂದು ಬೆಳೆದ ನನಗೆ ಇದನ್ನು ವಿವರಿಸಬೇಕಾಗಿರಲಿಲ್ಲ. ಸೊಪ್ಪು ಕಾಳು ಬೇಯಿಸಿ ಬಸಿದ ನೀರನ್ನು ಚೆಲ್ಲುವವರನ್ನು ನಮ್ಮಮ್ಮನೂ ಮನೆಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ.

ಜೋಳದ ರೊಟ್ಟಿಯಲ್ಲ, ಕಾರ್ನ್‌ಬ್ರೆಡ್

ಆ ನೀರಿಗೆ ಅದ್ದಿಕೊಳ್ಳಲು ಕಾರ್ನ್‌ಬ್ರೆಡ್ ಬೇಕೇ ಬೇಕು. ಇಲ್ಲಿ ಜನ ಎಡವುವುದು ಅಂಗಡಿಯಲ್ಲೇ. ನಮ್ಮೂರಲ್ಲಿ ಕಾರ್ನ್ ಫ್ಲೋರ್ ಅಂತ ಕೊಡುವುದು ಬೆಳ್ಳಗಿನ ನುಣುಪು ಪುಡಿ. ಅದು ಗೋಬಿ ಮಂಚೂರಿಗೆ ಹಾಕುವ ಪಿಷ್ಟ. ಮೈಸೂರಿನಲ್ಲಿರುವ ನನ್ನ ತಂಗಿ ಫೋನಿನಲ್ಲಿ ಕೇಳಿಕೊಂಡು ಅದನ್ನೇ ತಂದು ಕಲಸಿದಳು. ಓವನ್ನಿನಿಂದ ಹೊರಬಂದದ್ದನ್ನು ಗೋಡೆಗೆ ಪೋಸ್ಟರ್ ಅಂಟಿಸಲು ಬಳಸಬಹುದಿತ್ತು. ಇನ್ನೊಂದು, ರೊಟ್ಟಿಗೆ ಅಂತ ಮಾರುವ ಮೆಕ್ಕೆಜೋಳದ ಹಿಟ್ಟು. ಅದು ತೀರಾ ನಯ. ನಮಗೆ ಬೇಕಾದ್ದು ಉಪ್ಪಿಟ್ಟಿನ ರವೆಯಷ್ಟು ತರಿ ಇರುವ ಮೆಕ್ಕೆಜೋಳದ ರವೆ. ಸಿಗದಿದ್ದರೆ ಒಣ ಮೆಕ್ಕೆಜೋಳ ಕೊಂಡು ಗಿರಣಿಯಲ್ಲಿ ತರಿತರಿಯಾಗಿ ಬೀಸಿಸಿ.

ಒಂದೂವರೆ ಕಪ್ಪು ರವೆ, ಅರ್ಧ ಕಪ್ಪು ಮೈದಾ, ಎರಡು ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಸೋಡಾ, ಒಂದು ಚಮಚ ಉಪ್ಪು. ಇನ್ನೊಂದು ಪಾತ್ರೆಯಲ್ಲಿ ಒಂದೂವರೆ ಕಪ್ಪು ಮಜ್ಜಿಗೆ, ಎರಡು ಮೊಟ್ಟೆ. ಅಮೆರಿಕದ ಅಂಗಡಿಯ ಮಜ್ಜಿಗೆ ಗಟ್ಟಿ, ಹುಳಿ. ನಮ್ಮ ನೀರು ಮಜ್ಜಿಗೆ ಸಾಲದು. ಹುಳಿ ಮೊಸರಿಗೆ ಕಾಲು ಭಾಗ ನೀರು ಬೆರೆಸಿ ಕಡೆದರೆ ಅದೇ ಹದ.

ಮುಖ್ಯ ವಿಷಯ ಬಾಣಲೆ. ಬೀಡು ಕಬ್ಬಿಣದ್ದು, ತಳ ಚಪ್ಪಟೆ, ಹತ್ತು ಇಂಚು ಅಗಲ. ಅದಕ್ಕೆ ನಾಲ್ಕು ದೊಡ್ಡ ಚಮಚ ಬೆಣ್ಣೆಯನ್ನೋ ಎಣ್ಣೆಯನ್ನೋ ಹಾಕಿ, 220 ಡಿಗ್ರಿಯ ಓವನ್ನಿನಲ್ಲಿ ಹತ್ತು ನಿಮಿಷ ಕಾಯಲು ಬಿಡಿ. ಬೆಣ್ಣೆಯಾದರೆ ಕಣ್ಣಿಟ್ಟಿರಿ, ಸೀಯುತ್ತದೆ. ಬಾಣಲೆ ಕಾದ ಮೇಲೆಯೇ ಒಣ ಪದಾರ್ಥ ಮತ್ತು ಮಜ್ಜಿಗೆ ಎರಡನ್ನೂ ಕಲಸಿ, ಮೊದಲು ಅಲ್ಲ. ಇಡ್ಲಿ ಹಿಟ್ಟಿನ ಹದ. ಗಂಟು ಇದ್ದರೆ ಇರಲಿ, ಬಡಿಯಬೇಡಿ. ಕಾದ ಬೆಣ್ಣೆಯಲ್ಲಿ ಅರ್ಧವನ್ನು ಹಿಟ್ಟಿಗೆ ಸುರಿದು ಒಮ್ಮೆ ತಿರುವಿ, ಹಿಟ್ಟನ್ನು ಬಾಣಲೆಗೆ ಹಾಕಿ. ಚುಂಯ್ ಅನ್ನಬೇಕು, ಕಾದ ಕಾವಲಿಗೆ ದೋಸೆ ಹಿಟ್ಟು ಬಿದ್ದ ಹಾಗೆ. ಅನ್ನದಿದ್ದರೆ ಅಜ್ಜಿ "ಹ್ಮ್" ಅನ್ನುತ್ತಿದ್ದರು. ಆ "ಹ್ಮ್" ಕೇಳಿದವರಿಗೆ ಗೊತ್ತು. ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ. ಅಂಚು ಕಂದಾಗಿ ಬಾಣಲೆಯಿಂದ ಬಿಟ್ಟುಕೊಂಡಿರುತ್ತದೆ. ತಟ್ಟೆಗೆ ಬೋರಲು ಹಾಕಿ. ಗರಿಗರಿ ತಳ ಈಗ ಮೇಲೆ.

ಸಕ್ಕರೆ ಹಾಕಬೇಕೋ ಬೇಡವೋ ಅಂತ ಅಲ್ಲಿ ಮನೆಮನೆಯಲ್ಲೂ ಜಗಳ. ಅಜ್ಜಿ ಎರಡು ಚಮಚ ಹಾಕುತ್ತಿದ್ದರು. ಅವರ ತಂಗಿ ಬಂದರೆ "ಇದು ಕೇಕ್" ಅಂತ ಮುಖ ತಿರುಗಿಸುತ್ತಿದ್ದರು. ನಾನು ಹಾಕುವುದಿಲ್ಲ, ಈ ಮಾತು ಅಜ್ಜಿಗೆ ತಿಳಿಸಬೇಡಿ.

ಓವನ್ ಇಲ್ಲವೇ? ಮೊಟ್ಟೆ, ಸೋಡಾ ಏನೂ ಇಲ್ಲದೆ ರವೆಗೆ ಉಪ್ಪು, ಕುದಿಯುವ ನೀರು ಹಾಕಿ ಗಟ್ಟಿಯಾಗಿ ಕಲಸಿ, ಹತ್ತು ನಿಮಿಷ ಬಿಟ್ಟು, ಕಾವಲಿಯ ಮೇಲೆ ಅಂಗೈ ಅಗಲ ತಟ್ಟಿ ಎಣ್ಣೆ ಬಿಟ್ಟು ಎರಡೂ ಕಡೆ ಬೇಯಿಸಿ. ಇದು ಹೋಕೇಕ್, ಕಾರ್ನ್‌ಬ್ರೆಡ್ಡಿನ ಬಡ ಅಕ್ಕ. ಸೊಪ್ಪಿನ ನೀರಿಗೆ ಇದೇ ಹೆಚ್ಚು ರುಚಿ ಅನ್ನುವವರಲ್ಲಿ ನಾನೂ ಒಬ್ಬಳು.

ಒಂದು ಸಲ ಮುದ್ದೆ ಮಾಡಿ ಪಾಟ್‌ಲಿಕರ್ ಜೊತೆ ಅಜ್ಜಿಗೆ ಕೊಟ್ಟೆ. ರಾಗಿಯೂ ಆಫ್ರಿಕಾದಿಂದಲೇ ನಮ್ಮ ಕಡೆ ಬಂದ ಧಾನ್ಯ ಅಂತ ಹೇಳಿದೆ. ಕುತೂಹಲದಿಂದ ಮುರಿದು ಅದ್ದಿದರು. ಅಗಿಯಬೇಡಿ, ನುಂಗಿ ಅಂದೆ. "ಬೇಬಿ, ನನ್ನ ಹಲ್ಲಿಗೆ ದುಡ್ಡು ಕೊಟ್ಟಿದ್ದೇನೆ," ಎಂದು ಅಗಿಯುತ್ತಲೇ ಇದ್ದರು.

ಅಲಸಂದೆ, ಅಕ್ಕಿ

ಅಲಸಂದೆ ಕಾಳಿಗೆ ಅಲ್ಲಿ ಕಪ್ಪು ಕಣ್ಣಿನ ಬಟಾಣಿ ಅನ್ನುವ ಅರ್ಥದ ಹೆಸರು. ಅದೂ ಆಫ್ರಿಕಾದ ಕಾಳೇ. ಬೆಂಡೆಯೂ ಅಷ್ಟೆ, ಇಂಗ್ಲಿಷಿನವರು ಹೇಳುವ ಓಕ್ರಾ ಅನ್ನುವ ಹೆಸರೇ ಪಶ್ಚಿಮ ಆಫ್ರಿಕಾದ ಇಗ್ಬೊ ಭಾಷೆಯದು. ಅಲಸಂದೆ ಮತ್ತು ಅಕ್ಕಿ ಒಟ್ಟಿಗೆ ಬೇಯಿಸಿದರೆ ಹಾಪಿನ್ ಜಾನ್. ದಕ್ಷಿಣ ಕೆರೊಲಿನಾದ ಕರಾವಳಿಯ ಅಡುಗೆ, ಅಕ್ಕಿ ಬೆಳೆಯುತ್ತಿದ್ದ ಸೀಮೆ ಅದು. ಜನವರಿ 1ರಂದು ಇದನ್ನು ತಿನ್ನಲೇಬೇಕು, ತಿಂದರೆ ವರ್ಷವಿಡೀ ಅದೃಷ್ಟ ಅನ್ನುವ ನಂಬಿಕೆ. ಕಾಳು ಅಂದರೆ ಚಿಲ್ಲರೆ ಕಾಸು, ಸೊಪ್ಪು ಅಂದರೆ ನೋಟು, ಕಾರ್ನ್‌ಬ್ರೆಡ್ ಅಂದರೆ ಬಂಗಾರ. ಅಧ್ಯಕ್ಷ ಲಿಂಕನ್ ಅವರ ಗುಲಾಮರ ವಿಮೋಚನೆಯ ಘೋಷಣೆ ಜಾರಿಗೆ ಬಂದದ್ದೂ 1863ರ ಜನವರಿ 1ರಂದೇ. ಹಿಂದಿನ ರಾತ್ರಿ ಚರ್ಚಿನಲ್ಲಿ ಎದ್ದು ಕಾಯುವ ಪದ್ಧತಿ ಇನ್ನೂ ಇದೆ, ಅಜ್ಜಿ ಒಂದು ವರ್ಷವೂ ತಪ್ಪಿಸುತ್ತಿರಲಿಲ್ಲ.

ಒಂದು ಕಪ್ಪು ಅಲಸಂದೆ ರಾತ್ರಿ ನೆನೆಹಾಕಿ. ಈರುಳ್ಳಿ, ದಪ್ಪ ಮೆಣಸಿನಕಾಯಿ, ಒಂದು ದಂಟು ಸೆಲೆರಿ ಸಣ್ಣಗೆ ಹೆಚ್ಚಿ ಎಣ್ಣೆಯಲ್ಲಿ ಬಾಡಿಸಿ, ಕಾಳು, ಒಂದು ಪಲಾವ್ ಎಲೆ, ಚಿಟಿಕೆ ಖಾರದ ಪುಡಿ ಹಾಕಿ ನಾಲ್ಕು ಕಪ್ಪು ನೀರಿನಲ್ಲಿ ಬೇಯಿಸಿ. ಕಾಳು ಬೆರಳಲ್ಲಿ ಒತ್ತಿದರೆ ಒಡೆಯಬೇಕು, ಆದರೆ ತಾನಾಗಿ ಒಡೆದಿರಬಾರದು. ನೀರು ಬಸಿದು ಅಳೆದುಕೊಳ್ಳಿ. ಎರಡು ಕಪ್ಪು ಆ ನೀರು, ಒಂದು ಕಪ್ಪು ತೊಳೆದ ಅಕ್ಕಿ, ಉಪ್ಪು, ಕಾಳು ಎಲ್ಲ ಸೇರಿಸಿ ಮುಚ್ಚಿ ಸಣ್ಣ ಉರಿಯಲ್ಲಿ ಹದಿನೆಂಟು ನಿಮಿಷ. ಹತ್ತು ನಿಮಿಷ ಮುಟ್ಟದೆ ಬಿಡಿ. ಸೋನಾಮಸೂರಿ ನಡೆಯುತ್ತದೆ, ಬಾಸ್ಮತಿ ಬೇಡ, ಅದರ ವಾಸನೆ ಕಾಳನ್ನು ನುಂಗಿಬಿಡುತ್ತದೆ.

ಗೆಣಸು ಮತ್ತು ಉಳಿದದ್ದು

ಕ್ಯಾಂಡೀಡ್ ಯಾಮ್ಸ್ ಅನ್ನುವುದು ನಮ್ಮ ಸಿಹಿಗೆಣಸೇ, ಕಿತ್ತಳೆ ಬಣ್ಣದ್ದು. ಆಫ್ರಿಕಾದ ಯಾಮ್ ಬೇರೆಯೇ ಗೆಡ್ಡೆ, ಅಮೆರಿಕದಲ್ಲಿ ಅದು ಇರಲಿಲ್ಲ, ಹೆಸರು ಮಾತ್ರ ಗೆಣಸಿಗೆ ಅಂಟಿಕೊಂಡಿತು. ಒಂದು ಕಿಲೋ ಗೆಣಸು ಸಿಪ್ಪೆ ತೆಗೆದು ಬೆರಳು ದಪ್ಪ ಬಿಲ್ಲೆ ಮಾಡಿ. ಆರು ದೊಡ್ಡ ಚಮಚ ಬೆಣ್ಣೆ, ಮುಕ್ಕಾಲು ಕಪ್ಪು ಬೆಲ್ಲದ ಪುಡಿ, ಚಕ್ಕೆ ಪುಡಿ, ಚೂರು ಜಾಯಿಕಾಯಿ, ಚಿಟಿಕೆ ಉಪ್ಪು. ದಪ್ಪ ತಳದ ಪಾತ್ರೆಯಲ್ಲಿ ಮುಚ್ಚಿ ಸಣ್ಣ ಉರಿಯಲ್ಲಿ ಅರ್ಧ ಗಂಟೆ, ಆಮೇಲೆ ಮುಚ್ಚಳ ತೆಗೆದು ಪಾಕ ಗೆಣಸಿಗೆ ಅಂಟುವ ತನಕ. ಸೌಟು ಆಡಿಸಬೇಡಿ, ಪಾತ್ರೆ ಅಲ್ಲಾಡಿಸಿ. ಅವರು ಹಾಕುವುದು ಕಂದು ಸಕ್ಕರೆ. ಬೆಲ್ಲ ನನ್ನ ಸೇರ್ಪಡೆ, ಅಜ್ಜಿ ಒಪ್ಪಿದ ಒಂದೇ ಒಂದು ಸೇರ್ಪಡೆ.

ಕೋಳಿಯ ಬಗ್ಗೆ ಒಂದೇ ಮಾತು: ಉಪ್ಪು ಖಾರ ಹಾಕಿದ ಮಜ್ಜಿಗೆಯಲ್ಲಿ ರಾತ್ರಿಯಿಡೀ ನೆನೆಸಿ, ಕರಿಯುವಾಗ ಬಾಣಲೆಗೆ ಒಮ್ಮೆಗೆ ನಾಲ್ಕೇ ತುಂಡು ಹಾಕಿ.

ಇವೆಲ್ಲ ಭಾನುವಾರ ಮಧ್ಯಾಹ್ನ ಎರಡಕ್ಕೆ ಮೇಜಿಗೆ ಬರಬೇಕು ಅಂದರೆ ಸೊಪ್ಪು ಶನಿವಾರವೇ ಆಗಬೇಕು. ಒಂದು ರಾತ್ರಿ ಕಳೆದ ಸೊಪ್ಪು ಇನ್ನೂ ರುಚಿ. ಗೆಣಸು ಬೆಳಿಗ್ಗೆ, ಕಾಳು ಹನ್ನೆರಡಕ್ಕೆ, ಕಾರ್ನ್‌ಬ್ರೆಡ್ ಎಲ್ಲರೂ ಕೈ ತೊಳೆದ ಮೇಲೆ. ಜಾಸ್ತಿಯೇ ಮಾಡಿ, ಪಕ್ಕದ ಮನೆಗೂ ಒಂದು ತಟ್ಟೆ ಹೋಗಬೇಕು. ಅಜ್ಜಿ ಅಲಬಾಮಾದ ಮಾಂಟ್ಗೊಮರಿಯವರು. ಬಸ್ಸಿನಲ್ಲಿ ಕರಿಯರನ್ನು ಬೇರೆ ಕೂರಿಸುವುದರ ವಿರುದ್ಧ 1955ರಲ್ಲಿ ಅಲ್ಲಿ ಬಸ್ ಬಹಿಷ್ಕಾರ ಶುರುವಾದಾಗ ಅವರು ಶಾಲೆಯ ಹುಡುಗಿ. ಆ ಊರಿನ ಜಾರ್ಜಿಯಾ ಗಿಲ್ಮೋರ್ ಅನ್ನುವ ಅಡುಗೆಯವರು ಹೆಂಗಸರನ್ನು ಕೂಡಿಸಿ ಕೋಳಿ, ಪೈ, ಕೇಕ್ ಮಾಡಿ ಮಾರಿ ಚಳವಳಿಗೆ ದುಡ್ಡು ಕೂಡಿಸಿದರು. ಜನ ಬಸ್ ಹತ್ತದೆ ಓಡಾಡಲು ಬೇಕಾದ ಕಾರುಗಳ ಖರ್ಚಿಗೆ ಅದು ಹೋಗುತ್ತಿತ್ತು. 381 ದಿನ ನಡೆಯಿತು ಬಹಿಷ್ಕಾರ. ಮಾಡಿದವರ ಹೆಸರು ಬಯಲಾದರೆ ಕೆಲಸ ಹೋಗುತ್ತದೆ, ಅದಕ್ಕೆ ದುಡ್ಡು ಎಲ್ಲಿಂದ ಬಂತು ಅಂದರೆ "ಎಲ್ಲಿಂದಲೂ ಅಲ್ಲ" ಅನ್ನಬೇಕು. ಗುಂಪಿನ ಹೆಸರೇ ಕ್ಲಬ್ ಫ್ರಮ್ ನೋವೇರ್. ಪಕ್ಕದ ಮನೆಗೆ ಒಂದು ತಟ್ಟೆ ಕಳಿಸುವಾಗ ಯಾರು ಕೊಟ್ಟರು ಅಂತ ಕೇಳಿದರೆ ಅಜ್ಜಿಯೂ ನಗುತ್ತಾ "ಎಲ್ಲಿಂದಲೂ ಅಲ್ಲ" ಅನ್ನುತ್ತಿದ್ದರು.

ಉಳಿದ ಪಾಟ್‌ಲಿಕರ್ ಸೋಸಿ ಐಸ್ ಟ್ರೇಯಲ್ಲಿ ಗಡ್ಡೆ ಕಟ್ಟಿಸಿ ಇಡಿ. ಬೇಳೆ ಬೇಯಿಸುವಾಗ ಎರಡು ಗಡ್ಡೆ ಹಾಕಿದರೆ ಸಾಕು.

ಇನ್ನು ಬಾಣಲೆ. ಸೋಪು ಹಾಕಿ ನೆನೆಸಿಡಬೇಡಿ. ಬಿಸಿ ಇರುವಾಗಲೇ ಕಲ್ಲುಪ್ಪಿನಿಂದ ಉಜ್ಜಿ, ಬಿಸಿನೀರಿನಲ್ಲಿ ತೊಳೆದು, ಒಲೆಯ ಮೇಲಿಟ್ಟು ಒಣಗಿಸಿ, ತೆಳ್ಳಗೆ ಎಣ್ಣೆ ಸವರಿ ಇಡಿ. ನಮ್ಮ ಮನೆಯವರು ಒಮ್ಮೆ ಸಹಾಯ ಮಾಡಲು ಹೋಗಿ ಅದನ್ನು ಡಿಶ್‌ವಾಷರಿಗೆ ಹಾಕಿದರು. ಬೆಳಿಗ್ಗೆ ನೋಡಿದರೆ ಕೆಂಪು ತುಕ್ಕು. ಅಜ್ಜಿಯ ಹತ್ತಿರ ಒಯ್ದೆ. ಏನೂ ಅನ್ನಲಿಲ್ಲ. ಸ್ಟೀಲಿನ ನಾರಿನಿಂದ ತಿಕ್ಕಿ ತಿಕ್ಕಿ ತುಕ್ಕು ತೆಗೆದು, ಎಣ್ಣೆ ಸವರಿ, ಓವನ್ನಿನಲ್ಲಿ ಬೋರಲು ಹಾಕಿ ಒಂದು ಗಂಟೆ ಕಾಯಿಸಿದರು, ಮತ್ತೆ ಸವರಿ ಮತ್ತೆ ಕಾಯಿಸಿದರು. ಮೂರನೇ ಸಲಕ್ಕೆ ಕಪ್ಪು ಹೊಳಪು ಬಂತು. ವಾಪಸ್ ಕೊಡುವಾಗ ಕೇಳಿದ್ದು ಒಂದೇ: "ಅವನಿಗೆ ಬೇರೆ ಏನು ಕೆಲಸ ಬರುತ್ತದೆ?"